ಎರಡನೇ ಗುಂಡಿಯ ಎತ್ತರ

ಮಲಕಪ್ಪ ತೀರಿಕೊಂಡ ದಿನ ಬೆಳಿಗ್ಗೆ ಅವನು ಹಾಕಿಕೊಳ್ಳಬೇಕಾಗಿದ್ದ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿತ್ತು. ಶಿವಗಂಗವ್ವ ಸೂಜಿಗೆ ದಾರ ಪೋಣಿಸಿ ಕಿಟಕಿಯ ಬೆಳಕಿಗೆ ಕೂತಿದ್ದಳು. ಗುಂಡಿ ಹಚ್ಚಿ, ದಾರವನ್ನು ಹಲ್ಲಿನಿಂದ ಕಡಿದು, ‘ತಗೋರಿ’ ಎಂದು ಗಂಡನನ್ನು ಕೂಗಿದಳು. ಬಚ್ಚಲುಮನೆಯಿಂದ ಉತ್ತರ ಬರಲಿಲ್ಲ. ಏಪ್ರಿಲ್ ತಿಂಗಳು, ಏಳೂವರೆ ಗಂಟೆ. ಅವನ ನಿವೃತ್ತಿಗೆ ಇನ್ನೊಂದು ತಿಂಗಳಿತ್ತು.

ಆ ಗುಂಡಿ ಮೊದಲಿನಿಂದಲೂ ಹಾಗೇ. ಮಿಕ್ಕ ಗುಂಡಿಗಳು ಅಂಗಿ ಹರಿಯುವ ತನಕ ಬಾಳಿಕೆ ಬಂದರೂ ಎರಡನೆಯದು ಮಾತ್ರ ತಿಂಗಳು ಎರಡು ತಿಂಗಳಿಗೆ ಬಿದ್ದುಹೋಗುತ್ತಿತ್ತು. ಅದು ಅವನ ಕೆಲಸದಿಂದ ಆಗುತ್ತಿದ್ದ ಸವಕಳಿ. ಪುಣೆಯ ರಸ್ತೆ ಬದಿಯ ಮರಗಳನ್ನು ನೋಡಿಕೊಳ್ಳುವ ಕಚೇರಿಯಲ್ಲಿ ಅವನು ಮರ ಅಳೆಯುವವನು. ಮರದ ದಪ್ಪವನ್ನು ಎಲ್ಲೆಂದರಲ್ಲಿ ಅಳೆಯುವಂತಿಲ್ಲ; ನೆಲದಿಂದ ಎದೆಮಟ್ಟಕ್ಕೆ ಇಷ್ಟು ಎಂದು ನಿಯಮವಿದೆ. ಕೆಲಸಕ್ಕೆ ಸೇರಿದ ದಿನವೇ ಮಲಕಪ್ಪ ನೆಟ್ಟಗೆ ನಿಂತು, ಟೇಪನ್ನು ಕಾಲ ಬುಡದಿಂದ ಮೇಲಕ್ಕೆಳೆದು ನೋಡಿದ್ದ. ಕಚೇರಿ ಹೇಳಿದ ಎತ್ತರ ಸರಿಯಾಗಿ ಅವನ ಅಂಗಿಯ ಎರಡನೇ ಗುಂಡಿಗೆ ಬಂದಿತ್ತು. ಅಲ್ಲಿಂದ ಮುಂದೆ ಎತ್ತರ ಅಳೆಯುವ ಉಸಾಬರಿಯೇ ಇಲ್ಲ. ಮರಕ್ಕೆ ಎದೆಯೊಡ್ಡಿ ನಿಂತು, ಟೇಪಿನ ತುದಿಯನ್ನು ಗುಂಡಿಯ ನೇರಕ್ಕೆ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಒಂದು ಸುತ್ತು ಬಂದರೆ ಮುಗಿಯಿತು. ದಿನಕ್ಕೆ ಮೂವತ್ತು ನಲವತ್ತು ಮರ. ಗುಂಡಿ ಎಷ್ಟಂತ ತಾಳೀತು?

ಅವನು ಇಂಡಿ ಕಡೆಯವನು. ಹತ್ತೊಂಬತ್ತನೇ ವಯಸ್ಸಿಗೆ ಸೋದರಮಾವನ ಬೆನ್ನು ಹತ್ತಿ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಂಗಡಿಗೆ ಗುಮಾಸ್ತನಾಗಿ ಬಂದ. ಅಕ್ಷರ ದುಂಡಗಿತ್ತು, ಮರಾಠಿ ಬೇಗ ಕಲಿತ. ಇಪ್ಪತ್ತಾರು ವರ್ಷಗಳ ಹಿಂದೆ ಊರಿನ ಮರಗಳ ಗಣತಿ ಮಾಡಲು ಕಚೇರಿಯವರು ಬರೆಯಬಲ್ಲ ಕೈಗಳನ್ನು ಹುಡುಕುತ್ತಿದ್ದಾಗ ತಾತ್ಕಾಲಿಕವಾಗಿ ಸೇರಿಕೊಂಡವನು ಅಲ್ಲೇ ಉಳಿದ. ಮರಗಳಿಗೆ ಅವನಲ್ಲಿ ಎರಡೆರಡು ಹೆಸರು. ಮನೆಯಲ್ಲಿ ಹುಣಸೆ, ರಸ್ತೆಯಲ್ಲಿ ಚಿಂಚ. ಮನೆಯಲ್ಲಿ ಬೇವು, ರಸ್ತೆಯಲ್ಲಿ ಕಡುನಿಂಬ.

ಗಣತಿಯ ಆ ವರ್ಷ ಅವನ ಹೆಗಲಿಗೊಂದು ಚೀಲ, ಚೀಲದಲ್ಲಿ ನಂಬರು ಕೊರೆದ ಅಲ್ಯೂಮಿನಿಯಂ ಬಿಲ್ಲೆಗಳು, ಒಂದು ಸುತ್ತಿಗೆ. ಎದೆಮಟ್ಟಕ್ಕೆ ಮರ ಅಳೆದು, ಅಳೆದ ಜಾಗದಲ್ಲೇ ಮೊಳೆ ಹೊಡೆದು ಬಿಲ್ಲೆ ಕೂರಿಸಬೇಕು. ಆಮೇಲೆ ಕಾಲ ಬದಲಾಯಿತು. ಮರಕ್ಕೆ ಮೊಳೆ ಹೊಡೆಯುವುದು ತಪ್ಪು ಎಂದಾಯಿತು. ತಾನು ಹೊಡೆದ ಮೊಳೆಗಳನ್ನು ತಾನೇ ಇಕ್ಕಳ ಹಿಡಿದು ಕೀಳುವ ಕೆಲಸವೂ ಅವನ ಪಾಲಿಗೇ ಬಂತು. ‘ಹೊಡ್ಯಾಕೂ ಪಗಾರ, ಕೀಳಾಕೂ ಪಗಾರ. ಇಂಥಾ ನೌಕರಿ ಎಲ್ಲಿ ಸಿಗ್ತದ?’ ಎಂದು ನಗುತ್ತಿದ್ದ. ನಗು ಬರಬರುತ್ತ ಕಡಿಮೆಯಾಯಿತು.

ಆ ಕೆಲಸ ಮನುಷ್ಯನನ್ನು ಸುಸ್ತು ಮಾಡುವಂಥದ್ದೇ. ಮರ ಕಡಿಯಿರಿ ಎನ್ನುವವರೂ ಅವನನ್ನೇ ಬೈಯುವರು, ಕಡಿಯಬೇಡಿ ಎನ್ನುವವರೂ ಅವನನ್ನೇ. ಕಾರಿನ ಮೇಲೆ ಎಲೆ ಬೀಳುತ್ತದೆಂದು ಒಬ್ಬರ ಅರ್ಜಿ, ಗಿಳಿಗಳು ಗಲಾಟೆ ಮಾಡುತ್ತವೆಂದು ಇನ್ನೊಬ್ಬರದು. ಮೊದಲ ಮಳೆಗೆ ಬಿದ್ದ ಮರಗಳ ಹಿಂದೆ ಖರಾಡಿಯಿಂದ ಬಿಬವೇವಾಡಿಗೆ, ಬಿಬವೇವಾಡಿಯಿಂದ ಇನ್ನೆಲ್ಲಿಗೋ. ಅವನ ವರದಿಯ ಮೇಲೆ ಮರಕ್ಕೆ ನೋಟಿಸು ಅಂಟುತ್ತಿತ್ತು: ಇಂಥ ಮರ, ಇಷ್ಟು ವಯಸ್ಸು, ಕಡಿಯುವ ಪ್ರಸ್ತಾವವಿದೆ, ಆಕ್ಷೇಪಣೆ ಇದ್ದವರು ಏಳು ದಿನದೊಳಗೆ ತಿಳಿಸಿ. ಏಳು ದಿನ ಸುಮ್ಮನೆ ಕಳೆದುಹೋಗುತ್ತಿದ್ದುದೇ ಹೆಚ್ಚು.

ವಯಸ್ಸಿನ ಮಾತು ಮುಖ್ಯ. ಐವತ್ತು ವರ್ಷ ದಾಟಿದ ಮರವನ್ನು ಸುಲಭಕ್ಕೆ ಮುಟ್ಟುವಂತಿಲ್ಲ; ಅದರ ಪಟ್ಟಿಯೇ ಬೇರೆ. ಐವತ್ತರೊಳಗಿನದಾದರೆ ಒಂದು ಸಹಿಗೆ ಕೆಲಸ ಆಗುತ್ತದೆ. ಮರದ ವಯಸ್ಸು ಹೇಳುವುದು ಅದರ ದಪ್ಪ. ಆ ದಪ್ಪವನ್ನು ಅಳೆಯುವವನು ಮಲಕಪ್ಪ.

ಹೋದ ವರ್ಷ ಶ್ರಾವಣದಲ್ಲಿ ಬಿಬವೇವಾಡಿಯ ಒಂದು ಓಣಿಯ ಹುಣಸೆಮರಕ್ಕೆ ಅವನು ನೋಟಿಸು ಅಂಟಿಸಿದ. ಸಾಲುಮನೆಗಳ ಹಳೇ ಚಾಳು ಕೆಡವಿ ಎತ್ತರದ ಕಟ್ಟಡ ಕಟ್ಟುವವರಿದ್ದರು, ಕಾರುಗಳು ಒಳಗೆ ಹೋಗುವ ದಾರಿಗೆ ಮರ ಅಡ್ಡವಿತ್ತು. ಅಳೆಯಲು ಹೋದ ದಿನ ಜಿಟಿಜಿಟಿ ಮಳೆ, ಮೊಣಕಾಲು ನೋವು. ಎದೆಮಟ್ಟಕ್ಕೆ ಮರ ಎರಡು ಕವಲಾಗಿ ಒಡೆದಿತ್ತು. ಹಾಗಿದ್ದಾಗ ದಪ್ಪ ಕವಲನ್ನು ಅಳೆಯುವುದು ವಾಡಿಕೆ. ಅಳೆದ, ಕೋಷ್ಟಕ ನೋಡಿದ, ಮೂವತ್ತೆಂಟು ವರ್ಷ ಎಂದು ಬರೆದ.

ನೋಟಿಸು ಅಂಟಿಸಿದ ಎರಡನೇ ದಿನ ಅದು ಮಳೆಗೆ ಕಿತ್ತುಬಂದಿದೆ ಎಂದು ಯಾರೋ ಫೋನು ಮಾಡಿದರು. ಮತ್ತೆ ಅಂಟಿಸಲು ಹೋದ. ಮರದ ಕೆಳಗೆ ಮೆಂತ್ಯ, ರಾಜಗಿರಿ ಸೊಪ್ಪಿನ ಸಿವುಡು ಹರಡಿಕೊಂಡು ಚಂದಮ್ಮ ಕೂತಿದ್ದಳು. ಅಫಜಲಪುರದ ಕಡೆಯವಳು, ಮದುವೆಯಾಗಿ ಆ ಓಣಿಗೆ ಬಂದವಳು ಅಲ್ಲೇ ಮುದುಕಿಯಾಗಿದ್ದಳು.

‘ಏನೋ ಮಲಕಣ್ಣ, ಈ ಮರಕ್ಕ ಎಷ್ಟು ವರ್ಷ ಅಂತ ಬರದೀಯಂತ?’ ಎಂದಳು.

‘ಮೂವತ್ತೆಂಟು.’

‘ಭಾಳ ಚಲೋ ಆತು. ನಾ ಈ ಓಣಿಗೆ ಬಂದು ನಲವತ್ನಾಲ್ಕು ವರ್ಷಾತು. ನನ್ನ ಹಿರೀಮಗನ ತೊಟ್ಲಾ ಇದರ ಟೊಂಗಿಗೇ ಕಟ್ಟಿದ್ದೆ. ಹಂಗಾದ್ರ ಆ ತೊಟ್ಲಾ ಎದಕ್ಕ ಕಟ್ಟಿದ್ನೋ ಏನೋ, ಗಾಳಿಗೆ ಕಟ್ಟಿದ್ದೆ ಅಂತ ಕಾಣಸ್ತದ.’

‘ಅಕ್ಕಾ, ನಾ ಏನು ಮಾಡ್ಲಿ? ಟೇಪು ಹೇಳಿದ್ದು ಬರದೀನಿ.’

‘ನಿನ್ನ ಟೇಪಿಗೆ ಕಣ್ಣಿಲ್ಲ ಬಿಡು. ನಿನಗರ ಅವ ಇಲ್ಲೋ? ನಮ್ಮ ಮನಿ ನೋಡು. ನಾ ಬಂದಾಗ ಮೂರು ಪಾವಟಗಿ ಹತ್ತಿ ಒಳಗ ಹೋಗ್ತಿದ್ವಿ. ಈಗ ಎರಡು ಪಾವಟಗಿ ಇಳದು ಹೋಗ್ತೀವಿ, ಬಾವಿಗಿಳದಂಗ. ಮಳಿ ಬಂದ್ರ ನಾ ಒಳಗ, ನನ್ನ ಚಪ್ಪಲಿ ತೇಲಿಕೋತ ಹೊರಗ!’

ಮಲಕಪ್ಪ ನಕ್ಕ. ಗೋಂದಿನ ಡಬ್ಬಿ ಕೆಳಗಿಟ್ಟು, ಕಿತ್ತುಬಂದಿದ್ದ ಹಾಳೆಯನ್ನು ಎತ್ತಿಕೊಳ್ಳಲು ಬಗ್ಗಿದ. ಮೊಣಕಾಲು ನೋಯುತ್ತಿದ್ದುದರಿಂದ ಮರಕ್ಕೆ ಕೈ ಊರಿ ನಿಧಾನಕ್ಕೆ ಕುಕ್ಕುರುಗಾಲಲ್ಲಿ ಕೂತ. ಕೈಗೆ ಚಳ್ಳೆಂದು ಏನೋ ತಾಗಿತು. ನೆಲಕ್ಕೆ ಹಾಸಿದ ಸಿಮೆಂಟು ಇಟ್ಟಿಗೆಗಿಂತ ಗೇಣು ಮೇಲೆ, ತೊಗಟೆ ಮುಕ್ಕಾಲು ಪಾಲು ನುಂಗಿಬಿಟ್ಟಿದ್ದ ಒಂದು ಬಿಲ್ಲೆಯ ಮೂಲೆ. ಉಗುರಿನಿಂದ ಕೆರೆದ. ಮಣ್ಣು ಉದುರಿ ನಂಬರಿನ ಕೊನೆಯ ಎರಡು ಅಂಕೆಗಳು ಕಂಡವು. ನಾಲ್ಕು, ಏಳು.

ಅವನು ಹಾಗೇ ಕೂತುಬಿಟ್ಟ. ಮರ ಬೆಳೆಯುವುದು ತುದಿಯಲ್ಲಿ; ಕಾಂಡಕ್ಕೆ ಹೊಡೆದ ಮೊಳೆ ಮೇಲಕ್ಕೂ ಹೋಗದು, ಕೆಳಕ್ಕೂ ಇಳಿಯದು. ಈ ಬಿಲ್ಲೆ ಹೊಡೆದದ್ದು ಅವನೇ. ಎರಡನೇ ಗುಂಡಿಯ ನೇರಕ್ಕೆ ಅಲ್ಲದೆ ಬೇರೆಲ್ಲೂ ಅವನು ಮೊಳೆ ಹೊಡೆದವನಲ್ಲ. ಎದೆಯ ಹತ್ತಿರವಿದ್ದ ಬಿಲ್ಲೆ ಈಗ ಹಿಮ್ಮಡಿಯ ಹತ್ತಿರವಿದೆ ಎಂದರೆ ನೆಲ ಮೇಲೆ ಬಂದಿದೆ. ಪಕ್ಕದ ನಾಲೆಗೆ ನೆರೆ ಬಂದ ವರ್ಷ ಸುರಿದ ರಾಡಿ, ಅದರ ಮೇಲೆ ಡಾಂಬರು, ಡಾಂಬರಿನ ಮೇಲೆ ಕಾಂಕ್ರೀಟು, ಅದರ ಮೇಲೆ ಸಿಮೆಂಟು ಇಟ್ಟಿಗೆ. ಮೂರೂವರೆ ಅಡಿಗಿಂತ ಹೆಚ್ಚು. ಮರ ಕುತ್ತಿಗೆಯ ತನಕ ಹೂತುಹೋಗಿ ನಿಂತಿತ್ತು, ಅವನು ಅದರ ತೋಳು ಅಳೆದು ವಯಸ್ಸು ಬರೆದಿದ್ದ.

‘ಯಾಕೋ, ಎದಿ ಹಿಡೀತೇನೋ?’ ಎಂದಳು ಚಂದಮ್ಮ, ಈ ಸಲ ತಮಾಷೆಯಿಲ್ಲದೆ.

‘ಏನಿಲ್ಲಕ್ಕ’ ಎಂದು ಎದ್ದ. ನೋಟಿಸನ್ನು ಮತ್ತೆ ಅಂಟಿಸಿಯೇ ಬಂದ. ಅದು ಅವನ ಕೆಲಸವಾಗಿತ್ತು.

ಮರುದಿನ ಕಚೇರಿಯ ನೆಲಮಾಳಿಗೆಯಲ್ಲಿ ಹಳೇ ಗಣತಿಯ ವಹಿಗಳನ್ನು ತಿರುವಿದ. ಗೆದ್ದಲು ಹಿಡಿದ ಕಟ್ಟುಗಳಲ್ಲಿ ಬಿಬವೇವಾಡಿಯದು ಸಿಕ್ಕಿತು. ನಲವತ್ತೇಳರಲ್ಲಿ ಮುಗಿಯುವ ನಂಬರಿನ ಎದುರಿಗೆ ಅವನದೇ ದುಂಡಗಿನ ಅಕ್ಷರ: ಚಿಂಚ, ಸುತ್ತಳತೆ ಇಷ್ಟು, ಅಂದಾಜು ವಯಸ್ಸು ನಲವತ್ತು. ಇಪ್ಪತ್ತಾರು ವರ್ಷ ಕಳೆದ ಮೇಲೆ ಅದೇ ಕೈ ಅದೇ ಮರಕ್ಕೆ ಮೂವತ್ತೆಂಟು ಎಂದು ಬರೆದಿತ್ತು. ಇಷ್ಟು ವರ್ಷ ಬದುಕಿದ್ದಕ್ಕೆ ಮರ ಎರಡು ವರ್ಷ ಚಿಕ್ಕದಾಗಿತ್ತು.

ಆ ಭಾನುವಾರ ಉಡುಪಿ ಹೋಟೆಲಿನಲ್ಲಿ ಗೆಳೆಯನೆದುರು ಕೂತು ಇಷ್ಟನ್ನೂ ಹೇಳಿದ. ಮೂವತ್ತು ವರ್ಷದಿಂದ ಭಾನುವಾರದ ಚಹಾ ಅಲ್ಲೇ. ಹೇಳಿ ಮುಗಿಸಿ, ಬಸಿಯಲ್ಲಿ ಆರಿದ ಚಹಾ ಕುಡಿಯುವುದನ್ನೂ ಮರೆತ.

‘ಇದೊಂದಽ ಅಲ್ಲೋ. ಈ ಊರಾಗ ಯಾವ ರಸ್ತೆ ಮ್ಯಾಲ ಬಂದಿಲ್ಲ? ಹತ್ತು ವರ್ಷದಿಂದ ನಾ ಮ್ಯಾಲಿನ ನೆಲದಿಂದನಽ ಅಳದೀನಿ. ಎಷ್ಟಕ್ಕ ಮೂವತ್ತು ಬರದೆ, ಎಷ್ಟಕ್ಕ ನಲವತ್ತು ಬರದೆ. ಅವೆಲ್ಲಾ ಹೋದವು.’

‘ಹೋದದ್ದು ಹೋತು. ನಿಂದು ಒಂಬತ್ತು ತಿಂಗಳು ಉಳದದ. ಈಗ ಬಾಯಿ ಬಿಟ್ರ ಚೌಕಶಿ ಹಚ್ತಾರ, ನಿವೃತ್ತಿ ಕಾಗದ ಎಲ್ಲಾ ನಿಲ್ತಾವ. ನೀ ಬೇಕಂತ ಮಾಡಿಲ್ಲ. ಬಿಟ್ಟುಬಿಡು’ ಎಂದ ಗೆಳೆಯ.

ಮಲಕಪ್ಪ ಸಿಟ್ಟಾಗಲಿಲ್ಲ. ‘ಬಿಡ್ತಿದ್ದೆ’ ಎಂದ. ‘ಆದ್ರ ಆ ಬಿಲ್ಲೆ ನನ್ನ ಕೈಗೇ ತಾಗೇದ ನೋಡು.’

ಬಿಡು ಎಂದ ಆ ಗೆಳೆಯನೇ ಇದನ್ನು ಬರೆಯುತ್ತಿದ್ದಾನೆ. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಸೋಮವಾರ ಅವನು ಮೇಲಧಿಕಾರಿ ಸ್ವಪ್ನಿಲ್‌ನ ಕೋಣೆಗೆ ಹೋದ. ಸ್ವಪ್ನಿಲ್ ಮೂವತ್ತೈದರ ಆಸುಪಾಸಿನವನು, ಕೆಟ್ಟವನಲ್ಲ. ಮೇಜಿನ ಮೇಲೆ ಕಡತಗಳ ನಡುವೆ ಅವನ ಮುಖ ಹುಡುಕಬೇಕಾಗಿತ್ತು. ಅವರ ಮಾತೆಲ್ಲ ಮರಾಠಿಯಲ್ಲಿ.

‘ಕಾಕಾ, ನೀವು ತಿದ್ದುಪಡಿ ಕೊಟ್ಟರೆ ಉಳಿದ ವರದಿಗಳ ಕಥೆಯೇನು ಅಂತ ಕೇಳುತ್ತಾರೆ. ನಿಮ್ಮ ಸಹಿಯ ಕೆಳಗೆಲ್ಲ ನನ್ನ ಸಹಿ ಇದೆ.’

‘ಗೊತ್ತು ಸಾಹೇಬರೇ.’

‘ಓಣಿಯವರು ಯಾರಾದರೂ ಆಕ್ಷೇಪಣೆ ಕೊಡಲಿ. ನಾವು ನೋಡೋಣ.’

‘ಸೊಪ್ಪು ಮಾರುವ ಮುದುಕಿಯ ಮಾತು, ನನ್ನ ಸಹಿ ಮಾಡಿದ ಅಳತೆ, ಎರಡರಲ್ಲಿ ನೀವು ಯಾವುದನ್ನು ನಂಬುತ್ತೀರಿ?’

ಸ್ವಪ್ನಿಲ್ ಪೆನ್ನಿನ ಮುಚ್ಚಳ ತೆಗೆದ, ಹಾಕಿದ. ಆಮೇಲೆ, ‘ಓಣಿಯವರು ಯಾರಾದರೂ ಅಂದೆ. ನೀವು ಇರುವುದೂ ಬಿಬವೇವಾಡಿಯಲ್ಲೇ ಅಲ್ಲವೇ ಕಾಕಾ?’ ಎಂದು, ಫೋನು ಎತ್ತಿಕೊಂಡ.

ಏಳನೇ ದಿನ, ಗಡುವು ಮುಗಿಯುವ ಮಧ್ಯಾಹ್ನ, ಮಲಕಪ್ಪ ಅರ್ಜಿ ತೆಗೆದುಕೊಳ್ಳುವ ಆವಕ ಕಿಟಕಿಯ ಮುಂದೆ ಸಾರ್ವಜನಿಕರ ಸಾಲಿನಲ್ಲಿ ನಿಂತ. ಎಡಗೈಯಲ್ಲಿ ಅರ್ಜಿ, ಅದಕ್ಕೆ ಲಗತ್ತಿಸಿದ ಹಳೇ ವಹಿಯ ನಕಲು. ಕಿಟಕಿಯೊಳಗಿನ ನೀತಾ ಅವನನ್ನು ಹದಿನೈದು ವರ್ಷದಿಂದ ಬಲ್ಲವಳು.

‘ಕಾಕಾ, ಒಳಗಿನಿಂದ ಬರುವುದು ಬಿಟ್ಟು ಇದೇನು ಸಾಲಿನಲ್ಲಿ?’ ಎಂದು ಅರ್ಜಿ ತೆಗೆದುಕೊಂಡು ಓದಿದಳು. ‘ಅರ್ಜಿದಾರರ ಹೆಸರು, ಮಲಕಪ್ಪ. ಯಾರ ವರದಿಯ ವಿರುದ್ಧ, ಮಲಕಪ್ಪ. ತಪ್ಪು ಬರೆದಿದ್ದೀರಿ, ಎರಡೂ ಕಡೆ ನಿಮ್ಮದೇ ಹೆಸರಿದೆ.’

‘ಸರಿ ಇದೆ ನೀತಾಬಾಯಿ. ಸಿಕ್ಕಾ ಒತ್ತು.’

ಅವಳು ನಕ್ಕಳು. ಅವನು ನಗಲಿಲ್ಲ. ಅವಳೂ ನಗು ನಿಲ್ಲಿಸಿ ಮೊಹರು ಒತ್ತಿದಳು.

ಸಂಜೆ ಮನೆಯಲ್ಲಿ ಶಿವಗಂಗವ್ವನಿಗೆ ಹೇಳಿದ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

‘ನೌಕರಿಗೆ ಏನರ ಆಗ್ತದೇನ್ರಿ?’

‘ಆಗಬಹುದು.’

‘ಮರಕ್ಕ?’

‘ಅದಕ್ಕ ಆಗಬಾರದು ಅಂತನಽ ಕೊಟ್ಟೀನಿ.’

‘ಹಂಗಾದ್ರ ಊಟಕ್ಕ ಏಳ್ರಿ’ ಎಂದಳು. ಆ ರಾತ್ರಿ ಬಹಳ ದಿನದ ಮೇಲೆ ಅವನು ಚೆನ್ನಾಗಿ ನಿದ್ದೆ ಮಾಡಿದನಂತೆ.

ಹದಿನೈದು ದಿನ ಬಿಟ್ಟು ಆಕ್ಷೇಪಣೆ ಕೇಳುವ ಸಮಿತಿಯವರು ಸ್ಥಳ ನೋಡಲು ಬಂದರು. ಮಲಕಪ್ಪನೊಂದಿಗೆ ವರ್ಷಗಟ್ಟಲೆ ಕೆಲಸ ಮಾಡಿದ ಕೂಲಿ ಈರಣ್ಣ ಸಲಿಕೆ, ಹಾರೆ ತಂದಿದ್ದ. ಮರದ ಒಂದು ಮಗ್ಗುಲಿಗೆ ಸಿಮೆಂಟು ಇಟ್ಟಿಗೆ ಕಿತ್ತು ಅಗೆದ. ಕಾಂಕ್ರೀಟು ಬಂತು, ಒಡೆದ. ಡಾಂಬರು ಬಂತು. ಅದರ ಕೆಳಗೆ ಪ್ಲಾಸ್ಟಿಕ್ಕು, ಹರಿದ ಚಪ್ಪಲಿ, ಕರಿ ರಾಡಿ.

‘ಅಣ್ಣಾರ, ಇನ್ನಾ ಎಷ್ಟು? ಪಾತಾಳಕ್ಕ ಹೋಗಬೇಕೇನ್ರಿ?’ ಎಂದು ಈರಣ್ಣ ಬೆವರು ಒರೆಸಿಕೊಂಡ.

‘ಹೋಗು, ಹೋಗು. ಅಲ್ಲೆ ನಾ ನಿಂತ ನೆಲ ಅದ’ ಎಂದ ಮಲಕಪ್ಪ.

ಸೊಂಟದ ತನಕ ಇಳಿದ ಮೇಲೆ ಬೇರುಗಳು ಕವಲೊಡೆಯುವ ಜಾಗ ಸಿಕ್ಕಿತು. ಅಲ್ಲಿಂದ ಬಿಲ್ಲೆಗೆ ಟೇಪು ಹಿಡಿದರೆ ನಿಯಮ ಹೇಳಿದ ಎತ್ತರ, ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಣಸೆಮರವನ್ನು ಹಳೇ ಮರಗಳ ಪಟ್ಟಿಗೆ ಸೇರಿಸಿದರು. ಕಾರಿನ ದಾರಿಯನ್ನು ಇನ್ನೊಂದು ಬದಿಗೆ ತೆಗೆಯಲು ಹೇಳಿದರು. ಬುಡಕ್ಕೆ ತುಂಬಿದ ಮಣ್ಣನ್ನು ಬೇಸಗೆಯಲ್ಲಿ, ಬೇರಿಗೆ ಪೆಟ್ಟಾಗದ ಹಾಗೆ, ಸುತ್ತಲೂ ತೆಗೆಯಬೇಕೆಂದು ಆದೇಶವಾಯಿತು.

ಮಲಕಪ್ಪನಿಗೆ ಮೆಮೊ ಬಂತು: ತಪ್ಪು ಅಳತೆಗೆ ಚೌಕಶಿ, ವಿಚಾರಣೆ. ಟೇಪು ವಾಪಸು ಕೇಳಿದರು, ಕೊಟ್ಟ. ಉಳಿದ ತಿಂಗಳುಗಳನ್ನು ಅವನು ಸಸಿತೋಟದಲ್ಲಿ ಕುಂಡಗಳ ಲೆಕ್ಕ ಬರೆಯುತ್ತ ಕಳೆದ. ಯಾರ ಮೇಲೂ ದೂರು ಹೇಳಲಿಲ್ಲ. ಆದರೆ ಭಾನುವಾರಗಳಲ್ಲಿ ಚಹಾದ ನಂತರ ಮನೆಗೆ ಹೋಗುವುದನ್ನು ಬಿಟ್ಟ. ಒಂದು ಕಬ್ಬಿಣದ ಸರಳು ಹಿಡಿದುಕೊಂಡು ತಾನು ಹತ್ತು ವರ್ಷದಲ್ಲಿ ಅಳೆದ ಓಣಿಗಳನ್ನೆಲ್ಲ ಮತ್ತೆ ನಡೆದ. ಗೆಳೆಯನೂ ಕೆಲವು ಸಲ ಜೊತೆಗೆ ಹೋದ. ಅದು ಸುಲಭಕ್ಕೆ ನಡೆಯುವ ದಾರಿಯಾಗಿರಲಿಲ್ಲ. ಇಲ್ಲೊಂದು ಬೇವಿತ್ತು ಎಂದು ನಿಲ್ಲುವನು. ಅಲ್ಲಿ ಸಿಮೆಂಟು ಇಟ್ಟಿಗೆ ಇರುತ್ತಿತ್ತು. ಇಲ್ಲೊಂದು ಮಳೆಮರ ಎನ್ನುವನು, ಅಲ್ಲಿ ಎಟಿಎಂ. ಮರ ಇನ್ನೂ ನಿಂತಿದ್ದರೆ ಬುಡದ ಮಣ್ಣಿಗೆ ಸರಳು ಚುಚ್ಚಿ, ಬೇರಿಗೆ ತಾಗುವ ತನಕ ಇಳಿಸಿ, ಎಷ್ಟು ಹೂತಿದೆ ಎಂದು ಗುರುತು ಹಾಕಿಕೊಳ್ಳುವನು.

ಮಾರ್ಚ್ ಮುಗಿಯುವಷ್ಟರಲ್ಲಿ ಪಟ್ಟಿ ಸಿದ್ಧವಾಯಿತು. ನಲವತ್ತೊಂದು ಮರ. ಇಪ್ಪತ್ತೊಂಬತ್ತು ಹೋಗಿದ್ದವು, ಹನ್ನೆರಡು ಉಳಿದಿದ್ದವು. ಎರಡು ಪ್ರತಿ ಮಾಡಿದ. ಒಂದನ್ನು ಕಚೇರಿಗೆ ಕೊಟ್ಟ, ಇನ್ನೊಂದನ್ನು ಗೆಳೆಯನ ಕೈಗಿಟ್ಟ.

‘ನನ್ನ ಕಡೆ ಯಾಕೋ?’

‘ಕಚೇರಿ ಕಾಗದ ಕಚೇರಿಯೊಳಗನಽ ಕಳೀತಾವ. ನೀ ಪುಸ್ತಕ ಓದಾಂವ, ಕಾಗದ ಒಗ್ಯಾಂಗಿಲ್ಲ.’

ಚೌಕಶಿಗೆ ತಾರೀಖು ಬಂದಿರಲಿಲ್ಲ, ಪಟ್ಟಿಗೆ ಉತ್ತರವೂ ಬಂದಿರಲಿಲ್ಲ. ಅಷ್ಟರಲ್ಲಿ ಆ ಬೆಳಿಗ್ಗೆ ಬಂತು. ಡಾಕ್ಟರು ಹೃದಯ ಎಂದರು. ಅವನನ್ನು ಅದೇ ಅಂಗಿಯಲ್ಲಿ ಕಳಿಸಿಕೊಟ್ಟರು, ಗುಂಡಿ ಗಟ್ಟಿಯಾಗಿತ್ತು.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಈರಣ್ಣ ಫೋನು ಮಾಡಿ ಹುಣಸೆಮರದ ಬುಡ ಬಿಡಿಸುತ್ತಿದ್ದೇವೆ ಎಂದು ಹೇಳಿದ. ಶಿವಗಂಗವ್ವ ತಾನೂ ಬರುತ್ತೇನೆ ಎಂದಳು. ಗೆಳೆಯ ಆಕೆಯನ್ನು ಕರೆದುಕೊಂಡು ಹೋದ. ಅವರು ಹೋಗುವಷ್ಟರಲ್ಲಿ ಮರದ ಸುತ್ತ ಬಾವಿಯಂಥ ತಗ್ಗು ತೋಡಿಯಾಗಿತ್ತು. ಒಳಗೆ ಇಳಿಯಲು ಕಲ್ಲಿನ ಎರಡು ಮೆಟ್ಟಿಲು ಇಟ್ಟಿದ್ದರು. ಚಂದಮ್ಮ ಸೊಪ್ಪಿನ ಬುಟ್ಟಿಯನ್ನು ಅಂಚಿನಿಂದ ಹಿಂದಕ್ಕೆ ಎಳೆದುಕೊಂಡು, ‘ನಮ್ಮ ಮನಿ ಹಂಗನಽ ಆತು ನೋಡವ್ವಾ, ಇಳದು ಹೋಗಬೇಕು’ ಎಂದಳು. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಶಿವಗಂಗವ್ವ ಇಳಿದಳು. ಬಿಲ್ಲೆ ಆಕೆಯ ಗದ್ದದ ನೇರಕ್ಕಿತ್ತು. ಗದ್ದ ತಗ್ಗಿಸಿ ಒಂದು ಗಳಿಗೆ ನೋಡಿದಳು. ಗಂಡನ ಎದುರು ನಿಂತು ಗುಂಡಿ ಹಾಕುವಾಗ ಆಕೆಯ ಕಣ್ಣಿಗೆ ಬೀಳುತ್ತಿದ್ದ ಜಾಗ ಅದೇ. ಬಿಲ್ಲೆಯ ಮೇಲೆ ಅಂಗೈ ಇಟ್ಟಳು.

ಈರಣ್ಣ ಟೇಪು ತಂದಿದ್ದ. ಬುಡ ಬಿಡಿಸಿದ ಮೇಲೆ ಒಮ್ಮೆ ಅಳೆಯಬೇಕೆಂದು ಸಾಹೇಬರು ಹೇಳಿದ್ದರಂತೆ. ಈಗ ಯಾವ ಮರಕ್ಕೂ ಬುಡ ಕೆದರದೆ ಟೇಪು ಹಚ್ಚಬಾರದೆಂದು ಸ್ವಪ್ನಿಲ್ ಬಾಯಿಮಾತಿನಲ್ಲಿ ಹೇಳಿಟ್ಟಿದ್ದಾನೆ, ಬರೆದು ಕೊಟ್ಟಿಲ್ಲ. ಈರಣ್ಣ ಮಲಕಪ್ಪನನ್ನು ನೋಡಿ ನೋಡಿ ಬಂದ ಅಭ್ಯಾಸಬಲದಿಂದ ಟೇಪಿನ ತುದಿಯನ್ನು ತನ್ನ ಅಂಗಿಯ ಎರಡನೇ ಗುಂಡಿಗೆ ಒತ್ತಿದ. ಬಿಲ್ಲೆ ಮೂರು ಬೆರಳು ಮೇಲಿತ್ತು.

‘ಅಣ್ಣಾರು ನನಗಿಂತ ಎತ್ತರ ಇದ್ರು’ ಎಂದು ಟೇಪನ್ನು ಮೇಲೆ ಸರಿಸಿ, ಬಿಲ್ಲೆಯ ನೇರಕ್ಕೆ ಹಿಡಿದು, ಮರವನ್ನು ಒಂದು ಸುತ್ತು ಬಂದ. ‘ಎರಡು ಮೀಟರ್ ಎಪ್ಪತ್ತು’ ಎಂದು ಗಟ್ಟಿಯಾಗಿ ಹೇಳಿದ.

ಇಷ್ಟು ವರ್ಷವೂ ಅವನು ಟೇಪಿನ ಅಂಕಿ ಓದಿ ಹೇಳಿದೊಡನೆ ಬರೆದುಕೊಳ್ಳುವವನೊಬ್ಬ ಪಕ್ಕದಲ್ಲೇ ಇರುತ್ತಿದ್ದ. ಈರಣ್ಣ ಟೇಪು ಹಿಡಿದುಕೊಂಡೇ ಕಾದ. ಯಾರೂ ಬರೆಯಲಿಲ್ಲ.

‘ಬರಕೋರಿ’ ಎಂದಳು ಶಿವಗಂಗವ್ವ, ಮೇಲೆ ನಿಂತಿದ್ದ ಗಂಡನ ಗೆಳೆಯನಿಗೆ.

ಅವನ ಜೇಬಿನಲ್ಲಿ ಆ ಪಟ್ಟಿ ಬಿಟ್ಟರೆ ಬೇರೆ ಕಾಗದವಿರಲಿಲ್ಲ. ಮಡಿಕೆ ಬಿಡಿಸಿ, ಹಾಳೆಯ ಹಿಂಬದಿಗೆ ಹುಣಸೆ ಎಂದು ಬರೆದು, ಅಳತೆ ಬರೆದ. ನಂತರ ಹಾಳೆ ತಿರುಗಿಸಿ, ಉಳಿದ ಹನ್ನೆರಡರಲ್ಲಿ ಇಲ್ಲಿಗೆ ಹತ್ತಿರದ್ದು ಯಾವುದೆಂದು ನೋಡಿದ. ಎರಡು ಓಣಿ ಆಚೆ, ಒಂದು ಬೇವು.

‘ಈರಣ್ಣ, ಸರಳು ಅದ ಏನು?’ ಎಂದು ಕೇಳಿದ.

‘ಅದ ರೀ’ ಎಂದ ಈರಣ್ಣ, ಟೇಪು ಸುತ್ತಿಕೊಳ್ಳುತ್ತ.